ಒಲೆಯ ಮೇಲಿನ ಕಿಂಡಿ

ಅಕ್ಕಿಆಲೂರಿನ ತವರುಮನೆಗೆ ಹಂಚಿನ ಸೂರು ಇತ್ತು. ಒಲೆ ಹೊತ್ತಿಸಿದರೆ ಹೊಗೆ ಯಾರನ್ನೂ ಕೇಳದೆ ಹಂಚಿನ ಸಂದಿಗಳಿಂದ ನುಸುಳಿ ಹೋಗುತ್ತಿತ್ತು. ಚಳಿಗಾಲದ ಮುಂಜಾನೆ ಹಿತ್ತಲಲ್ಲಿ ನಿಂತು ನೋಡಿದರೆ ಇಡೀ ಸೂರು ಹಬೆಯಾಡಿದಂತೆ ಕಾಣುತ್ತಿತ್ತು. ಅನ್ನವ್ವ ಮತ್ತು ಅವಳ ತಂಗಿ ಶಿವಬಸವ್ವ ಆ ಮನೆಯಲ್ಲಿ ಬೆಳೆದವರು. ಹೊಗೆ ಹೋಗಲಿಕ್ಕೆ ದಾರಿ ಬೇಕು, ಆ ದಾರಿಗೊಬ್ಬ ಒಡೆಯ ಇರುತ್ತಾನೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅನ್ನವ್ವನನ್ನು ಕೊಟ್ಟ ಊರು ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಹಾದಿಯಿಂದ ಒಳಗಿತ್ತು. ಎರೆಭೂಮಿಯ ಊರು. ಅಲ್ಲಿ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಮೊಳಕ್ಕಿಂತ ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಕಿಟಕಿ ಎಂಬುದಿಲ್ಲ. ಅಡಿಗೆಮನೆಗೆ ಒಲೆಯ ನೇರಕ್ಕೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೆ. ಬೆಳಕು ಅಲ್ಲಿಂದ ಒಳಗೆ, ಹೊಗೆ ಅಲ್ಲಿಂದ ಹೊರಗೆ. ಮಳೆ ಬಂದರೆ ಅದರ ಮೇಲೆ ಒಂದು ಚಪ್ಪಡಿಗಲ್ಲು ಎಳೆಯಬೇಕು, ನಿಂತ ಕೂಡಲೇ ಸರಿಸಬೇಕು. ಅದು ಸೊಸೆಯ ಕೆಲಸ. ಗಂಡಸರಿಗೆ ಆ ಕಲ್ಲು ಎಷ್ಟು ಭಾರವೆಂಬುದೂ ತಿಳಿದಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅನ್ನವ್ವನೇ ಮುಂದಾಗಿ ತನ್ನ ತಂಗಿಯನ್ನು ಮೈದುನ ಚನ್ನವೀರಪ್ಪನಿಗೆ ತಂದುಕೊಂಡಳು. ತಾಯಿ ಅನುಮಾನಿಸಿದಾಗ, “ಯಾಕ ಅಂಜತಿ ಅವ್ವಾ? ನಾ ಮಾಳಿಗಿ ಮ್ಯಾಲ ಇದ್ರ ಆಕಿ ಒಲಿ ಮುಂದ. ಕೂಗಿದ್ರ ಕೇಳತೈತಿ” ಎಂದಿದ್ದಳು. ಮುಂದೆ ಆದದ್ದೂ ಹಾಗೆಯೇ. ಶಿವಬಸವ್ವ ರೊಟ್ಟಿ ಬಡಿಯುವಾಗ ಅನ್ನವ್ವ ಕಾಳು ಒಣಹಾಕಲು ಮೇಲೆ ಹೋದರೆ ಕಿಂಡಿಯ ಬಾಯಿಗೆ ಕುಳಿತು ಮಾತಾಡುತ್ತಿದ್ದಳು.

“ಶಿವೀ, ಪಲ್ಲೆಕ್ಕ ಉಪ್ಪು ಹಾಕೀಯೇನ?”

“ಮ್ಯಾಲಿಂದ ನಿನ್ನ ಬೆವರು ಬಿದ್ದೈತಿ, ಸಾಕಾತು.”

ಮನೆ ಒಡೆದದ್ದು ಹತ್ತಿಯಿಂದ. ಅನ್ನವ್ವನ ಗಂಡ, ಅಣ್ಣ ಪರಮೇಶ್ವರಪ್ಪ, ಒಬ್ಬ ದಲಾಲಿಗೆ ಮಾತು ಕೊಟ್ಟಿದ್ದ. ತಮ್ಮ ಕೇಳದೆ ಬಂಡಿ ಹೇರಿಕೊಂಡು ಹೋಗಿ ಬೇರೊಬ್ಬನ ಅಂಗಡಿಗೆ ಹಾಕಿ ಬಂದ. ಬೆಲೆ ತುಸು ಹೆಚ್ಚೇ ಬಂದಿತ್ತು. ಅದಕ್ಕೇ ಪರಮೇಶ್ವರಪ್ಪನಿಗೆ ಕ್ಷಮಿಸಲಾಗಲಿಲ್ಲ.

ಹಿರಿಯವನು ಪಾಲು ಮಾಡಬೇಕು, ಕಿರಿಯವನು ಆರಿಸಿಕೊಳ್ಳಬೇಕು: ಅಲ್ಲಿಯ ರಿವಾಜು. ಪರಮೇಶ್ವರಪ್ಪ ಮನೆಯನ್ನು ಎರಡು ಮಾಡಿದ. ಪಡಸಾಲೆ, ದೇವರಮನೆ, ಮಾಳಿಗೆ ಹತ್ತುವ ಮೆಟ್ಟಿಲು ಒಂದು ಕಡೆ. ದನ ಕಟ್ಟುವ ಅಂಕಣ, ಕಾಳು ತುಂಬುವ ಹಗೇವು, ಅಡಿಗೆಮನೆ ಇನ್ನೊಂದು ಕಡೆ. ಚನ್ನವೀರಪ್ಪನಿಗೆ ಎತ್ತೆಂದರೆ ಜೀವ, ಅವನು ದನದ ಅಂಕಣ ಆರಿಸಿದ. ಮಾಳಿಗೆಯ ಮಾತು ಬಂದಾಗ ಪಂಚರ ಹಿರಿಯ ಉಡಚಪ್ಪ ತಂಬಾಕು ತಿಕ್ಕುತ್ತ ಹೇಳಿದ:

“ಮೆಟ್ಲ ಯಾರ ಕಡೆ ಅದಾವೋ ಮಾಳಿಗಿ ಅವರದು. ನೆಲ ತಮ್ಮಂದು, ಮಾಳಿಗಿ ಅಣ್ಣಂದು. ಆತಿಲ್ಲೋ?”

“ಆತ್ರಿ,” ಎಂದರು ಇಬ್ಬರೂ.

ಪಂಚರು ಆ ದಿನ ಅದೇ ಅಡಿಗೆಮನೆಯಿಂದ ಬಂದ ಕಡಬು ಉಂಡು ಎದ್ದರು. ಒಲೆಯ ಮೇಲಿನ ಕಿಂಡಿ ಯಾರ ಪಾಲಿಗೆ ಬಂತು ಎಂದು ಒಬ್ಬನೂ ಕೇಳಲಿಲ್ಲ. ಅವರಲ್ಲಿ ಯಾರೂ ಎಂದೂ ಒಲೆಯ ಮುಂದೆ ಕುಳಿತವರಲ್ಲ. ಒಳಗೆ ನಿಂತಿದ್ದ ಇಬ್ಬರು ಹೆಂಗಸರಿಗೆ ಅದು ಹೊಳೆದಿತ್ತು. ಪಂಚಾಯಿತಿಯಲ್ಲಿ ಹೆಂಗಸರು ಬಾಯಿ ಹಾಕಬಾರದು.

ನಡುವೆ ಗೋಡೆ ಎದ್ದಿತು. ಅನ್ನವ್ವನಿಗೆ ಪಡಸಾಲೆಯ ಮೂಲೆಯಲ್ಲಿ ಹೊಸ ಒಲೆ ಹೂಡಿಕೊಟ್ಟರು. ಓಣಿಗೆ ಮುಖ ಮಾಡಿ ಅಲ್ಲೊಂದು ಕಿಟಕಿಯನ್ನೂ ಇಟ್ಟರು. ಆ ಕಿಟಕಿಯ ಮುಂದೆ ಕುಳಿತು ಸಲೀಸಾಗಿ ಉಸಿರಾಡುವಾಗಲೆಲ್ಲ ಅನ್ನವ್ವನಿಗೆ ಯಾರದೋ ತಾಟಿನ ಅನ್ನ ಉಣ್ಣುತ್ತಿದ್ದೇನೆ ಎನಿಸುತ್ತಿತ್ತು.

ಮೊದಲ ವರ್ಷ ಕಿಂಡಿ ತೆರೆದೇ ಇತ್ತು. ಮರುವರ್ಷದ ಮಾಗಿಯಲ್ಲಿ ಪರಮೇಶ್ವರಪ್ಪ ಮಾಳಿಗೆಯ ತುಂಬ ಮೆಣಸಿನಕಾಯಿ ಹರವಿದ. ಬ್ಯಾಡಗಿಯ ಪೇಟೆಯಲ್ಲಿ ವ್ಯಾಪಾರಿ ಒಂದು ಕಾಯಿ ಮುರಿದು ಮೂಸಿ, “ಗೌಡ್ರ, ಇದಕ್ಕ ಹೊಗಿ ಹಿಡದೈತಿ” ಎಂದು ಚೀಲ ಪಕ್ಕಕ್ಕೆ ಸರಿಸಿದ. ಮನೆಗೆ ಬಂದವನೇ ಪರಮೇಶ್ವರಪ್ಪ ಮೇಲೆ ಹತ್ತಿ ಕಲ್ಲು ಎಳೆದ. ಆವರೆಗೆ ಅದು ಕೇವಲ ಮೆಣಸಿನಕಾಯಿಯ ಮಾತು. ಸುಗ್ಗಿ ಮುಗಿದ ಮೇಲೆ ಸರಿಯುತ್ತಿತ್ತೇನೋ.

ಆದರೆ ಅಣ್ಣತಮ್ಮಂದಿರು ಆಗ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಹೇಳಬೇಕಾದದ್ದನ್ನು ದನಕ್ಕೆ ಹೇಳುತ್ತಿದ್ದರು. ಮರುದಿನ ಚನ್ನವೀರಪ್ಪ ಎತ್ತಿನ ಮೈ ತಿಕ್ಕುತ್ತ ಓಣಿಗೆಲ್ಲ ಕೇಳುವಂತೆ ಹೇಳಿದ: “ಕೇಳಿದ್ಯಾ ಕರಿಯಾ? ಕೆಲವ್ರಿಗೆ ಹೊಲಾ ಮನೀ ಹಂಚಕೊಂಡದ್ದು ಸಾಲಂಗಿಲ್ಲಂತ. ಗಾಳೀನೂ ವಾಟ್ನಿ ಮಾಡ್ತಾರಂತ!”

ಕಟ್ಟೆಯ ಮೇಲಿದ್ದವರು ನಕ್ಕರು. ಮೇಲಿಂದ ಪರಮೇಶ್ವರಪ್ಪ ಕಾಗೆ ಓಡಿಸುವವನಂತೆ ಕೂಗಿದ: “ಹೋಗ್, ಹೋಗ್! ಕೇಳಿದ್ರ ಕೊಟ್ಟೇನು. ಕದ್ದು ತಿನ್ನವ್ರಿಗೆ ಏನೂ ಇಲ್ಲ!”

ಆ ನಗೆಯಿಂದಾಚೆಗೆ ಕಲ್ಲು ಕಲ್ಲಾಗಿ ಉಳಿಯಲಿಲ್ಲ. ಅದನ್ನು ಸರಿಸಿದವನು ಸೋತಂತೆ, ಸರಿಸೆಂದು ಕೇಳಿದವನೂ ಸೋತಂತೆ.

ಅನ್ನವ್ವ ಅದನ್ನು ಕದ್ದು ಸರಿಸತೊಡಗಿದಳು. ಗಂಡ ಹೊಲಕ್ಕೆ ಹೋದ ಮೇಲೆ ತಂಗಿ ಕೆಳಗಿನಿಂದ ಊದುಗೊಳವೆಯಲ್ಲಿ ಒಲೆಗಲ್ಲು ಬಡಿಯುವಳು. ಅನ್ನವ್ವ ಮೇಲೆ ಹತ್ತಿ ಕಲ್ಲು ಜರುಗಿಸುವಳು. ಮೊದಲು ಹೊಗೆ ಅವಳ ಮುಖಕ್ಕೆ ರಪ್ಪನೆ ಬಡಿಯುತ್ತಿತ್ತು. ಅದು ತಿಳಿಯಾದ ಮೇಲೆ ಕೆಳಗೆ, ಬಾವಿಯ ತಳದಲ್ಲೆಂಬಂತೆ, ತಂಗಿಯ ಮುಖ ಕಾಣುತ್ತಿತ್ತು. ಮೊದಲಿನ ಹಾಗೆ ಮಾತಿರಲಿಲ್ಲ. ಮಾತಾಡಿದರೆ ಓಣಿಗೆ ಕೇಳೀತು. ಶಿವಬಸವ್ವ ಮೇಲೆ ನೋಡಿ ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದಳು. ಅನ್ನವ್ವ ನೋಡುತ್ತಿದ್ದಳು. ರೊಟ್ಟಿ ಮುಗಿದ ಮೇಲೆ ಕಲ್ಲು ಮತ್ತೆ ಅದೇ ಜಾಗಕ್ಕೆ.

ಹೆಂಗಸರು ಮುಚ್ಚಿಟ್ಟದ್ದನ್ನು ಹೊಗೆಯೇ ಹೇಳಿಬಿಟ್ಟಿತು. ಒಂದು ದಿನ ಪರಮೇಶ್ವರಪ್ಪ ಹೊಲದ ಬದುವಿನ ಮೇಲೆ ನಿಂತು ಊರ ಕಡೆ ನೋಡಿದ. ತನ್ನ ಮಾಳಿಗೆಯಿಂದ ನೆಟ್ಟಗೆ ಒಂದು ಹೊಗೆ ಎದ್ದಿತ್ತು. ಮನೆಗೆ ಬಂದ. ಊಟ ಮಾಡಿ ಕೈತೊಳೆದ. ಅವನು ಅದನ್ನು ಕಂಡದ್ದು ಅನ್ನವ್ವನಿಗೆ ತಿಳಿಯುವುದು ತಡವಾಯಿತು.

ರೋಹಿಣಿ ಮಳೆಗೆ ಮುಂಚೆ ಎಲ್ಲ ಮಾಳಿಗೆಗಳಿಗೂ ಕರಲುಮಣ್ಣು ಹಾಕುತ್ತಾರೆ. ಹಳ್ಳದ ಬದಿಯಿಂದ ಆ ಬಿಳಿ ಮಣ್ಣು ತಂದು, ಹರವಿ, ನೀರು ಚಿಮುಕಿಸಿ, ಬಡಿಮಣೆಯಿಂದ ಬಡಿದು ಗಟ್ಟಿ ಮಾಡಿದರೆ ಮಳೆಗಾಲವಿಡೀ ಸೋರುವುದಿಲ್ಲ. ಆ ವರ್ಷ ಪರಮೇಶ್ವರಪ್ಪ ಆಳುಗಳನ್ನು ಕರೆಯದೆ ತಾನೇ ಬಡಿದ. ಚಪ್ಪಡಿಗಲ್ಲಿನ ಮೇಲೂ ಒಂದು ಗೇಣು ಮಣ್ಣು ಹಾಕಿದ. ಸಂಜೆ ಅನ್ನವ್ವ ಮೇಲೆ ಹೋಗಿ ನೋಡಿದರೆ ಕಿಂಡಿ ಎಲ್ಲಿತ್ತೆಂಬ ಗುರುತೇ ಇರಲಿಲ್ಲ. ಮಾಳಿಗೆ ಅಂಗೈಯ ಹಾಗೆ ನುಣ್ಣಗಿತ್ತು.

ಅದು ಯುದ್ಧದ ಕಾಲ. ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ, ಒಳ್ಳೆಯ ಕಟ್ಟಿಗೆಯೂ ತುಟ್ಟಿ. ನೆನೆದ ಹತ್ತಿಕಟ್ಟಿಗೆ, ಅರೆ ಒಣಗಿದ ಕುಳ್ಳು, ಇವನ್ನೇ ಉರಿಸಬೇಕು. ಮಳೆಯ ಇರಚಲಿಗೆ ಮುಂದಿನ ಬಾಗಿಲೂ ಮುಚ್ಚಿರುತ್ತಿತ್ತು. ಶಿವಬಸವ್ವನಿಗೆ ಮೊದಲು ಕಣ್ಣು ಕೆಂಪಾಯಿತು, ಆಮೇಲೆ ಕೆಮ್ಮು, ಆಮೇಲೆ ದಮ್ಮು. ನಡುಗೋಡೆಯ ಈಚೆ ಕುಳಿತ ಅನ್ನವ್ವನಿಗೆ ತಂಗಿಯ ಮಾತು ಕೇಳುತ್ತಿರಲಿಲ್ಲ, ಎದೆಯ ಸಿಳ್ಳು ಕೇಳುತ್ತಿತ್ತು. ಒಲೆಗಲ್ಲು ಬಡಿಯುವ ಸದ್ದು ಮಾತ್ರ ಬರಲಿಲ್ಲ. ಬಡಿದು ಪ್ರಯೋಜನವಿಲ್ಲವೆಂದು ತಂಗಿಗೆ ಗೊತ್ತಿತ್ತು.

ಚನ್ನವೀರಪ್ಪ ಕೆಟ್ಟ ಗಂಡನಲ್ಲ. ಬಂಡಿ ಕಟ್ಟಿ ಹೆಂಡತಿಯನ್ನು ಶಿಗ್ಗಾಂವಿಯ ದವಾಖಾನೆಗೆ ಕರೆದೊಯ್ದ. ಜೊತೆಗೆ ಹೋಗಲು ಹೆಣ್ಣು ಜೀವ ಬೇಕೆಂದು ಅನ್ನವ್ವನೂ ಹೋದಳು. ಅದಕ್ಕೆ ಪರಮೇಶ್ವರಪ್ಪ ಬೇಡವೆನ್ನಲಿಲ್ಲ. ಡಾಕ್ಟರ್ ಪ್ರಾಣೇಶರಾಯರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

“ಈಕಿ ಬೀಡಿ ಸೇದತಾಳೇನಪಾ?”

“ಎಲ್ಲೀದ್ರಿ! ನಮ್ಮ ಮನ್ಯಾಗ ನಾ ಒಬ್ಬನ ಸೇದಾಂವ. ಅದೂ ಕಟ್ಟಿ ಮ್ಯಾಲ ಕುಂತು.”

“ಶಾಣ್ಯಾ ಇದ್ದೀ. ನಿಂದು ಬಯಲಾಗ, ಈಕೀದು ಬಾಗಲಾ ಹಾಕ್ಕೊಂಡು. ಅಡಗೀ ಮನೀಗೆ ಕಿಡಕಿ ಅದನೋ ಇಲ್ಲೋ?”

ಚನ್ನವೀರಪ್ಪ ನೆಲ ನೋಡಿದ. ಡಾಕ್ಟರರು ಔಷಧದ ಬಾಟಲಿ ಕೊಡುತ್ತ ಹೇಳಿದರು: “ಇದು ನೆಪಕ್ಕ. ಹೊಗೀ ಹೊರಗ ಹೋಗಬೇಕು, ಗಾಳೀ ಒಳಗ ಬರಬೇಕು. ಇಲ್ಲಾಂದ್ರ ಈ ಪುಪ್ಪಸ ಭಾಳ ದಿವಸ ತಡಿಯೂದಿಲ್ಲ. ನಾ ಹೇಳೂದು ತಿಳೀತೇನು?”

ತಿಳಿದಿತ್ತು. ಬಂಡಿಯಲ್ಲಿ ಬರುವಾಗ ಬಯಲಿನ ಗಾಳಿಗೆ ಶಿವಬಸವ್ವನ ಸಿಳ್ಳು ತುಸು ಇಳಿದಿತ್ತು. ಅವಳೇ ಮೆಲ್ಲಗೆ ಹೇಳಿದಳು: “ಒಲಿ ದನದ ಅಂಕಣಕ್ಕ ಒಯ್ಯೋಣ್ರಿ. ಬಾಗಲಾ ಹಂತ್ಯಾಕ. ಗಾಳಿ ಆಡತೈತಿ.”

“ಏನು ಮಾತಾಡತಿ? ಓಣ್ಯಾಗಿನ ಮಂದಿ ನೋಡಿ ಏನಂತಾರ? ‘ಅಣ್ಣ ಕಿಂಡಿ ಮುಚ್ಚಿದ, ತಮ್ಮ ಒಲಿ ಹೊತಗೊಂಡು ಹೊರಗ ಬಂದ’ ಅಂತಾರ.”

“ಅಂದ್ರ ಅನ್ಲಿ, ಚನ್ನವೀರಪ್ಪ,” ಎಂದಳು ಅನ್ನವ್ವ.

“ನಿನಗೇನಕ್ಕಾ, ನಿಮ್ಮ ಕಡೆ ಕಿಡಕಿ ಐತಿ.”

ಹಿತ್ತಿಲ ಗೋಡೆ ನೆರೆಮನೆಯವರದು, ನಡುಗೋಡೆ ಅಣ್ಣನೊಂದಿಗೆ ಜಂಟಿ. ಒಡೆದು ಕಿಟಕಿ ಇಡಲು ತಮ್ಮನ ಸ್ವಂತದ್ದೆಂಬ ಗೋಡೆ ಅಡಿಗೆಮನೆಗೆ ಇರಲಿಲ್ಲ.

ಆ ವಾರ ಅನ್ನವ್ವ ಗಂಡನ ಮುಂದೆ ನಿಂತಳು. ಲಗ್ನವಾದಾಗಿನಿಂದ ಅವಳು ಏನನ್ನೂ ಬೇಡಿದವಳಲ್ಲ.

“ಕಲ್ಲು ತಗೀರಿ. ಶಿವಿ ಉಳಿಯಂಗಿಲ್ಲ.”

“ನಾ ಬ್ಯಾಡಂದೇನೇನು? ಅವ ಬಂದು ‘ಅಣ್ಣಾ, ತಗಿ’ ಅನ್ಲಿ. ಒಂದು ಮಾತು. ಈಗಿಂದೀಗ ತಗೀತೇನಿ.”

ಅವಳು ಓಣಿ ಸುತ್ತಿ ತಂಗಿಯ ಮನೆಗೆ ಹೋದಳು. ಚನ್ನವೀರಪ್ಪ ಎತ್ತಿಗೆ ಹಿಂಡಿ ಕಲಸುತ್ತಿದ್ದ.

“ಒಂದು ಮಾತು ಅಂತ. ‘ಅಣ್ಣಾ ತಗಿ’ ಅನ್ನಪಾ. ನಿನ್ನ ಕಾಲು ಬೀಳತೇನಿ.”

“ನೀ ಬೀಳಬ್ಯಾಡಕ್ಕಾ, ನೀ ದೊಡ್ಡಾಕಿ. ಮುಚ್ಚಾಕ ನನ್ನ ಕೇಳಿದ್ನೇನು ಅಂವ? ತಗಿಯಾಕ ಯಾಕ ಕೇಳಬೇಕು? ಮುಚ್ಚಿದಂವನ ತಗೀಬೇಕು.”

ಇಬ್ಬರ ಮಾತೂ ನ್ಯಾಯವಾಗಿಯೇ ಇತ್ತು. ಆ ಎರಡು ನ್ಯಾಯಗಳ ನಡುವೆ ಕುಳಿತು ಶಿವಬಸವ್ವ ಒಲೆ ಊದುತ್ತಿದ್ದಳು.

“ಹಂಗಾರ ಆಕಿ ರೊಟ್ಟಿ ನಾ ಬಡದು ಕೊಡ್ತೇನಿ, ಆಕಿ ಒಲೀ ಮುಂದ ಕುಂಡ್ರೂದು ಬ್ಯಾಡ,” ಎಂದಳು ಅನ್ನವ್ವ.

“ಬ್ಯಾರೆ ಆದ ಮ್ಯಾಲ ಅವರ ಒಲೀ ರೊಟ್ಟಿ ನಾ ತಿನ್ಲ್ಯಾ?” ಎಂದು ಅವನು ಎದ್ದು ಹೋದ.

ಆದರೂ ಅವನು ಸುಮ್ಮನೆ ಕೂರಲಿಲ್ಲ. ಸವಣೂರಿನ ಸಂತೆಯಲ್ಲಿ ಯಾರೋ ಮಾರುವ ದಮ್ಮಿನ ಪುಡಿ ತಂದ. ಉಮ್ಮತ್ತಿ ಎಲೆಯ ಪುಡಿ. ಅದನ್ನು ಕೆಂಡದ ಮೇಲೆ ಉದುರಿಸಿ, ಮುಸುಕು ಹಾಕಿಕೊಂಡು ಅದರ ಹೊಗೆ ಎಳೆಯಬೇಕು. ಹೊಗೆಯಿಂದ ಬಂದ ರೋಗಕ್ಕೆ ಹೊಗೆಯ ಮದ್ದು. ಶಿವಬಸವ್ವ ಗಂಡನ ಸಮಾಧಾನಕ್ಕೆ ಅದನ್ನೂ ಎಳೆದಳು. ಒಂದು ಗಳಿಗೆ ಹಗುರಾದಂತೆ ಆಗುತ್ತಿತ್ತು. ಆಮೇಲೆ ಅದೇ ಒಲೆ.

ಶ್ರಾವಣದಲ್ಲಿ ಒಂದು ಮುಂಜಾನೆ ಅನ್ನವ್ವ ಸಲಿಕೆ ತೆಗೆದುಕೊಂಡು ಮಾಳಿಗೆ ಹತ್ತಿದಳು. ಹೆಂಗಸು ಮಾಳಿಗೆ ಅಗಿಯುವುದನ್ನು ಓಣಿಯವರು ತಲೆಯೆತ್ತಿ ನೋಡಿದರು. ನೋಡಲಿ ಎಂದೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಗುರುತಿಲ್ಲದ ಕಡೆ ಅಂದಾಜಿನಿಂದ ಅಗಿದಳು. ಒಲೆಯಿಂದ ಎಷ್ಟು ದೂರಕ್ಕೆ ತೊಲೆ, ತೊಲೆಯಿಂದ ಎಷ್ಟಕ್ಕೆ ಕಿಂಡಿ ಎಂಬುದು ಅವಳ ಕಾಲಿಗೆ ಗೊತ್ತಿತ್ತು. ಸಲಿಕೆ ಕಲ್ಲಿಗೆ ಠಣ್ ಎಂದಿತು. ಕಲ್ಲು ಎಬ್ಬಿಸಿ ತಳ್ಳಿದಳು. ಹೊಗೆ ಅವಳ ಮೈಮೇಲೆ ಬಂದು ಬಿತ್ತು.

“ಶಿವೀ!”

ಕೆಳಗೆ ಕೆಮ್ಮು. ಆಮೇಲೆ ತಂಗಿಯ ಮುಖ. ಮಸಿ ಹಿಡಿದ ಆ ಮುಖದಲ್ಲಿ ತುಟಿ ನೀಲಿಯಾಗಿತ್ತು.

“ಅಕ್ಕಾ... ಬೆಳಕು ಭಾಳಾತು. ಕಣ್ಣು ತಗಿಯಾಕ ಆಗವಲ್ದು,” ಎಂದು ಅವಳು ನಕ್ಕಳು.

ಬಹಳ ದಿನಗಳ ಮೇಲೆ ಆ ಹೊತ್ತು ಇಬ್ಬರೂ ಬಾಯಿ ಬಿಟ್ಟು ಮಾತಾಡಿದರು. ಪಲ್ಲೆಕ್ಕೆ ಉಪ್ಪು, ತವರಿನ ಹಂಚು, ಹಿರೇಕೆರೂರಿಗೆ ಕೊಟ್ಟ ಅನ್ನವ್ವನ ಮಗಳ ಬಸುರು, ಇಂಥವೇ ಮಾತು.

ಮಧ್ಯಾಹ್ನ ಊಟಕ್ಕೆ ಬಂದ ಚನ್ನವೀರಪ್ಪ ಒಲೆಯ ಮೇಲೆ ಬಿದ್ದಿದ್ದ ಬಿಸಿಲು ನೋಡಿದ.

“ಯಾರು ತಗದ್ರು?”

“ಅಕ್ಕ.”

“ಯಾರ್ನ ಕೇಳಿ?”

ಶಿವಬಸವ್ವ ರೊಟ್ಟಿಯ ಹಿಟ್ಟು ನಾದತೊಡಗಿದಳು. ಆಗಲೇ ಕಟ್ಟೆಯಲ್ಲಿ ಯಾರೋ ಅವನನ್ನು ಚುಚ್ಚಿದ್ದರು: “ಏನಪಾ, ನಿಮ್ಮಣ್ಣ ಹೆಂಗಸರ ಕೈಲೆ ಧರ್ಮಾ ಮಾಡಿಸ್ಯಾನಂತಲ್ಲ!” ಅವನು ಹಳೆಯ ಬಂಡಿಯ ಹಲಗೆ ತಂದ. ಏಣಿ ಹಾಕಿದ. ಒಲೆಯ ಮೇಲಿನ ಜಂತಿಗಳಿಗೆ ಕೆಳಗಿನಿಂದ ಹಲಗೆ ಇಟ್ಟು ಮೊಳೆ ಹೊಡೆದ. ಒಂದೊಂದು ಹೊಡೆತಕ್ಕೂ ಮಸಿ ಉದುರಿ ರೊಟ್ಟಿಯ ಹಿಟ್ಟಿನ ಮೇಲೆ ಬಿತ್ತು.

“ಅವರ ಉಪಕಾರ ನಮಗ ಬ್ಯಾಡ. ಮುಂದಿನ ವರ್ಷ ಬ್ಯಾರೆ ಮನೀನ ಕಟ್ಟಸ್ತೇನಿ. ಅಲ್ಲೀತನ ತಡಕೋ,” ಎಂದ. ಸುಳ್ಳಲ್ಲ, ಅವನು ಕಲ್ಲು ಹೇರಿಸಲು ಮಾತಾಡಿಯೂ ಇದ್ದ.

ಸಂಜೆ ಪರಮೇಶ್ವರಪ್ಪ ಮೇಲೆ ಹತ್ತಿ, ಅಗಿದ ಮಣ್ಣನ್ನೂ ತೆರೆದ ಕಿಂಡಿಯನ್ನೂ ಅದರಾಚೆಯ ಹಲಗೆಯನ್ನೂ ನೋಡಿದ. ಹೆಂಡತಿಯ ಮೇಲೆ ಕೈಯೆತ್ತಬೇಕೆಂದು ಬಂದವನು ನಿಂತುಬಿಟ್ಟ. ಅವನ ಮುಖದಲ್ಲಿ ಒಂದು ತೃಪ್ತಿ ಮೂಡಿತು.

“ನೋಡಿದ್ಯಾ? ಈಗ ನಾ ಮುಚ್ಚಿಲ್ಲ. ನಿನ್ನ ತಂಗಿ ಗಂಡನ ಮುಚ್ಯಾನ. ಊರಿಗೆಲ್ಲ ಹೇಳು.”

ಅನ್ನವ್ವ ಮೇಲೆ ಹೋಗಿ ಹಲಗೆಯನ್ನು ಸಲಿಕೆಯ ತುದಿಯಿಂದ ಮೀಟಲು ನೋಡಿದಳು. ಒಳಗಿನಿಂದ ತಂಗಿಯ ಸ್ವರ ಬಂತು:

“ಬ್ಯಾಡಕ್ಕಾ. ನೀ ತಗದ್ರ ಅವ್ರು ಇನ್ನೊಂದು ಹೊಡೀತಾರ. ಆ ಸಪ್ಪಳಾ ಕೇಳಾಕ ನನಗ ದಮ್ಮಿಲ್ಲ.”

ಅದು ಅವಳು ಅಕ್ಕನಿಗೆ ಹೇಳಿದ ಕೊನೆಯ ಮಾತು.

ನಾಗರಪಂಚಮಿ ಕಳೆದು ಕೆಲವು ದಿನಕ್ಕೆ, ಜೋರು ಮಳೆಯ ಒಂದು ಮುಂಜಾನೆ, ಚನ್ನವೀರಪ್ಪ ಎತ್ತಿಗೆ ನೀರು ಕುಡಿಸಿ ಒಳಗೆ ಬಂದಾಗ ಒಲೆಯ ಹಂಚಿನ ಮೇಲೆ ರೊಟ್ಟಿ ಕರಿಯಾಗಿ ಹೊತ್ತುತ್ತಿತ್ತು. ಹೊಗೆಯಲ್ಲಿ ಅವನಿಗೆ ಹೆಂಡತಿ ಕಾಣಲಿಲ್ಲ. ಕಾಲಿಗೆ ತಾಕಿದಳು. ಊದುಗೊಳವೆ ಕೈಯಲ್ಲೇ ಇತ್ತು.

ಹೆಣವನ್ನು ಮಣ್ಣು ಮಾಡುವ ಮುಂಚೆ ಮಠದ ಅಯ್ಯನವರು ಬಂದರು. ಪಂಚಾಂಗ ನೋಡಿ ಅವರ ಮುಖ ಸಣ್ಣದಾಯಿತು. ಧನಿಷ್ಠಾ ನಕ್ಷತ್ರ. ಆ ನಕ್ಷತ್ರದಲ್ಲಿ ಜೀವ ಹೋದರೆ ದೋಷ ಮನೆಯೊಳಗೇ ನಿಲ್ಲುತ್ತದೆ, ಬೆನ್ನಿಗೇ ಇನ್ನೂ ಜೀವ ಕೇಳುತ್ತದೆ ಎಂದು ಆ ಕಡೆ ನಂಬಿಕೆ.

“ಹಂಚಿನ ಮನಿ ಆಗಿದ್ರ ನಾಕು ಹಂಚು ಸರಿಸಿದ್ರ ಆಗತಿತ್ತು,” ಎಂದರು ಅಯ್ಯನವರು. “ಮಾಳಿಗಿ ಮನಿಗೆ ಜೀವ ಹೋದ ಜಾಗದ ಮ್ಯಾಲ ಕಿಂಡಿ ತಗೀಬೇಕು. ದೋಷ ಹೊರಗ ಹೋಗಬೇಕಲ್ಲ. ಮಾಳಿಗಿ ಯಾರದು?”

“ನಂದ್ರಿ,” ಎಂದ ಪರಮೇಶ್ವರಪ್ಪ. ಆ ಮಾತನ್ನು ಅವನು ಈಗ ಬೇರೆ ದನಿಯಲ್ಲಿ ಹೇಳಿದ. ಅಯ್ಯನವರು ಅವನ ಕಡೆ ನೋಡಿದರು.

“ಹಂಗಾರ ದೋಷ ನಿಮಗೂ ಐತಿ.”

ಅವನು ಮೆಟ್ಟಿಲು ಹತ್ತಿದ ವೇಗವನ್ನು ಓಣಿಯವರು ಬಹಳ ದಿನ ನೆನೆಸಿದರು. ಮೇಲಿನಿಂದ ಅಣ್ಣ ಹಾರೆಯಲ್ಲಿ ಕಿಂಡಿಯ ಸುತ್ತಿನ ಮಣ್ಣು ಕಿತ್ತ. ಕೆಳಗಿನಿಂದ ತಮ್ಮ ಹಲಗೆಯ ಮೊಳೆ ಕಿತ್ತ. ಮೊದಲಿನ ಬೆಳಕಿಂಡಿ ಸಾಲದೆಂದು ಎರಡು ಜಂತಿ ಕಡಿದು ಆಳು ಇಳಿಯುವಷ್ಟು ಅಗಲ ಮಾಡಿದರು. ಹಲಗೆ ಬಿದ್ದಾಗ ಅಣ್ಣತಮ್ಮಂದಿರು ಮುಖಕ್ಕೆ ಮುಖ ಕಂಡರು.

“ಹುಷಾರಿ ತಮ್ಮಾ, ಕಣ್ಣಾಗ ಮಣ್ಣು ಬಿದ್ದೀತು,” ಎಂದ ಪರಮೇಶ್ವರಪ್ಪ.

“ಬೀಳಲಿ ಬಿಡಣ್ಣಾ,” ಎಂದು ಚನ್ನವೀರಪ್ಪ ಮುಖ ಮುಚ್ಚಿಕೊಂಡು ಅತ್ತ.

ಹೆಣದ ಬಳಿ ಕುಳಿತಿದ್ದ ಹೆಂಗಸರು ಕಣ್ಣೊರೆಸಿಕೊಂಡರು. “ಪುಣ್ಯಾತಗಿತ್ತಿ, ಸತ್ತು ಅಣ್ತಮ್ಮರನ್ನ ಒಂದು ಮಾಡಿದ್ಲು” ಎಂದಳು ಒಬ್ಬಳು. ಅನ್ನವ್ವ ತಂಗಿಯ ಮುಖದ ಮಸಿ ಒರೆಸುತ್ತಿದ್ದಳು. ಬೆಳಕು ನೆಟ್ಟಗೆ ಆ ಮುಖದ ಮೇಲೆ ಬಿದ್ದಿತ್ತು. ಎಷ್ಟು ಒರೆಸಿದರೂ ಮೂಗಿನ ಹೊಳ್ಳೆಯೊಳಗಿನ ಕಪ್ಪು ಹೋಗಲಿಲ್ಲ.

ನಡುಗೋಡೆಯನ್ನು ದೀಪಾವಳಿಗೆ ಮುಂಚೆ ಕೆಡವಿದರು. ಮನೆ ಮತ್ತೆ ಒಂದಾಯಿತು. ದೊಡ್ಡ ಒಲೆ ಹಳೆಯ ಅಡಿಗೆಮನೆಯಲ್ಲೇ ಇದ್ದುದರಿಂದ ಅನ್ನವ್ವ ಅಲ್ಲಿ ಕುಳಿತು ಇಬ್ಬರು ಗಂಡಸರಿಗೂ ರೊಟ್ಟಿ ಬಡಿಯತೊಡಗಿದಳು. ಒಂದು ದಿನ ಅಣ್ಣತಮ್ಮಂದಿರು ಸಾಲಾಗಿ ಊಟಕ್ಕೆ ಕುಳಿತರು. ಹೊಗೆ ಎಲ್ಲಿಯೂ ತಡೆಯದೆ ಎದ್ದು ಆಕಾಶಕ್ಕೆ ಹೋಗುತ್ತಿತ್ತು. ಪರಮೇಶ್ವರಪ್ಪ ತಲೆಯೆತ್ತಿ ನೋಡಿ ಮೆಚ್ಚಿಕೊಂಡ.

“ಎಷ್ಟು ಛಂದ ಹೊಕ್ಕೈತಿ ನೋಡು ಹೊಗಿ! ಆದ್ರ ಕಿಂಡಿ ಭಾಳ ದೊಡ್ಡದಾತು. ದೋಷ ಹೋಗಿ ಎಷ್ಟೋ ದಿನಾತಲ್ಲ. ಬಡಿಗ್ಯಾನ ಕರಸಿ ಸಣ್ಣದು ಮಾಡಿಸೂಣೇನ ತಮ್ಮಾ?”

“ಮಾಡಿಸೂಣಣ್ಣಾ,” ಎಂದ ಚನ್ನವೀರಪ್ಪ.

ಅನ್ನವ್ವ ಇಬ್ಬರ ತಾಟಿಗೂ ಬಿಸಿ ರೊಟ್ಟಿ ಹಾಕಿದಳು. ಆಮೇಲೆ ಒಲೆಯ ಕಡೆ ತಿರುಗಿ, ಉರಿಗೆ ಹೇಳುವಂತೆ ಹೇಳಿದಳು:

“ಇರ್ಲಿ ಬಿಡ್ರಿ. ನಾ ಸತ್ತಾಗ ಮತ್ತ ಒಡಿಯೂ ತ್ರಾಸು ತಪ್ಪತೈತಿ.”

ಅಣ್ಣತಮ್ಮಂದಿರು ತಲೆ ತಗ್ಗಿಸಿ ರೊಟ್ಟಿ ಮುರಿದರು.